ಎಂಜಿನ್ನಿಗೆ ಹಚ್ಚಿದ ಪೌಡರು

ಕಾದ ಕಬ್ಬಿಣದ ಮೇಲೆ ಎಂಜಿನ್ ಆಯಿಲ್ ತೊಟ್ಟಿಕ್ಕಿದಾಗ ಒಂದು ವಾಸನೆ ಏಳುತ್ತದೆ. ಗಂಟಲಿಗೆ ಅಂಟಿಕೊಂಡು, ತಲೆಸ್ನಾನ ಮಾಡಿದರೂ ಕೂದಲಲ್ಲಿ ಉಳಿಯುವಂಥದ್ದು. ಪವಾಯಿಯ ಏರಿನಲ್ಲಿ ಅದು ಕಾರಿನೊಳಗೆ ತುಂಬಿಕೊಂಡ ಮಧ್ಯಾಹ್ನದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಮತ್ತೆ ಅದೇ: ಮುಂದೆ ಬಸ್ಸು, ಹಿಂದೆ ನೀರಿನ ಟ್ಯಾಂಕರು, ಬಾನೆಟ್ಟಿನ ಅಂಚಿನಿಂದ ಏಳುವ ನೀಲಿ ಹೊಗೆ, ಪಕ್ಕದ ಸೀಟಿನಲ್ಲಿ ಅವ್ವ. ಅವಳ ಕಡೆಯ ಬಾಗಿಲು ತೆರೆಯಲಿಲ್ಲ. ಹಿಡಿಕೆ ಜಗ್ಗಿದೆ, ಬಾಗಿಲಿಗೆ ಕಾಲಿನಿಂದ ಒದ್ದೆ, ಕೊನೆಗೆ ಅವಳ ಎರಡೂ ತೋಳು ಹಿಡಿದು ನನ್ನ ಬಾಗಿಲಿನಿಂದಲೇ ಹೊರಗೆ ಎಳೆದುಕೊಂಡೆ. ಬೆಂಕಿ ಹೊತ್ತಲಿಲ್ಲ, ಎಂಜಿನ್ ಆರಿಸಿದ ಮೇಲೆ ಹೊಗೆ ತಾನಾಗಿ ನಿಂತಿತು. ನನ್ನ ತಲೆಯೊಳಗೆ ಮಾತ್ರ ಅದು ಪ್ರತಿ ಸಲವೂ ಹೊತ್ತಿಕೊಳ್ಳುತ್ತದೆ. ರಸ್ತೆಯಂಚಿನ ಕಲ್ಲಿನ ಮೇಲೆ ಕೂತ ಅವ್ವ, "ಇನ್ನ ಇದರಾಗ ನಾ ಕೂಡೂದಿಲ್ಲ ನೋಡವಾ," ಎಂದಳು. ಅಪ್ಪನ ಕಾರಿಗೆ ಅವಳು ಹಾಗೆ ಅಂದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಧಾರವಾಡದ ಕಡೆಯಿಂದ ಬಂದ ಅಪ್ಪ ಕುರ್ಲಾದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ. ನಾವಿದ್ದದ್ದು ಅಲ್ಲೇ ಒಂದು ಚಾಳಿನ ಕೆಳಗಿನ ಖೋಲಿಯಲ್ಲಿ. ಆ ಚಾಳು ಈಗಿಲ್ಲ, ನಲ್ಲಿಯ ಕಟ್ಟೆಯಿಲ್ಲ, ಬಟ್ಟೆ ಒಣಹಾಕುತ್ತಿದ್ದ ಉದ್ದದ ವರಾಂಡವಿಲ್ಲ. ಎಲ್ಲದರ ಮೇಲೆ ಗಾಜಿನ ಕಿಟಕಿಗಳ ಬಿಲ್ಡಿಂಗ್ ಎದ್ದಿದೆ. ಆ ಮನೆಯಿಂದ ನಮ್ಮ ಜೊತೆ ಉಳಿದು ಬಂದದ್ದೆಂದರೆ ಅಪ್ಪ ಯಾರಿಂದಲೋ ಹಳೆಯದಾಗಿಯೇ ಕೊಂಡಿದ್ದ ಈ ಬಿಳಿ ಕಾರು. ರವಿವಾರ ಬೆಳಿಗ್ಗೆ ಅವನು ಬಾನೆಟ್ ಎತ್ತಿದನೆಂದರೆ ಅಂಗಳಕ್ಕೆಲ್ಲ ಸೀಮೆಎಣ್ಣೆಯ ವಾಸನೆ. ಎಲ್ಲಾದರೂ ಆಯಿಲ್ ಸೋರಿದ ಗುರುತು ಕಂಡರೆ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ಅವ್ವನ ಪೌಡರ್ ಡಬ್ಬಿ ತಂದು ಅದರ ಮೇಲೆಲ್ಲ ಉದುರಿಸುತ್ತಿದ್ದ. "ನನ್ನ ಮಾರಿಗಿಲ್ಲದ ಪೌಡರು ನಿಮ್ಮ ಎಂಜಿನ್ನಿಗೇನ್ರಿ?" ಎಂದು ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು. "ನಿನಗ ಬ್ಯಾಡ ಬಿಡs, ನೀ ಹಂಗs ಚಂದ ಅದಿ. ಇಕಿ ಮಾರಿ ತೊಳದು ಪೌಡರ್ ಹಚ್ಚಿದರ ಇಕಿ ಎಲ್ಲಾ ಖರೇ ಹೇಳತಾಳ," ಎಂದು ಅಪ್ಪ ಎಂಜಿನ್ ಚಾಲು ಮಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ಬಿಳುಪಿನ ಮೇಲೆ ಎಲ್ಲೋ ಒಂದು ಕಡೆ ಕಪ್ಪು ಗೆರೆ ಮೂಡುತ್ತಿತ್ತು. ನನ್ನ ಗದ್ದ ಹಿಡಿದು ಅತ್ತ ತಿರುಗಿಸಿ ಹೇಳುತ್ತಿದ್ದ: "ಎಣ್ಣಿ ಎಲ್ಲಿ ಬಿದ್ದೈತಿ ಅಂತ ನೋಡಬ್ಯಾಡ. ಎಲ್ಲಿಂದ ಹೊಂಟೈತಿ ಅಂತ ನೋಡು." ಕಾದ ಪೌಡರಿನ ಆ ಸಿಹಿ ವಾಸನೆಯೇ ನನಗೆ ರವಿವಾರದ ವಾಸನೆಯಾಗಿತ್ತು.

ಖಂಡೇನವಮಿಯ ದಿನ, ಆಯುಧಪೂಜೆಗೆ, ಅಪ್ಪ ನಟ್ಟು ತಿರುಗಿಸುವ ತನ್ನ ಪಾನಾಗಳನ್ನೆಲ್ಲ ತೊಳೆದು ಮಣೆಯ ಮೇಲೆ ಜೋಡಿಸುತ್ತಿದ್ದ. ವಿಭೂತಿ, ಕುಂಕುಮ, ಚೆಂಡು ಹೂವು. ಪೂಜೆಯಾದ ಮೇಲೆ ಹತಾರ ಸುಮ್ಮನೆ ಕೂಡಬಾರದೆಂಬುದು ಅವನ ನೇಮ. ಅದಕ್ಕಾಗಿ ಕುಂಕುಮ ಹಚ್ಚಿದ ಪಾನಾ ಒಂದನ್ನು ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ ನಟ್ಟುಗಳಿಗಿಟ್ಟು ಕೈಯಾಡಿಸುತ್ತಿದ್ದ. ಆಮೇಲೆಯೇ ನಮಗೆ ಹೋಳಿಗೆ. ಅವನು ತೀರಿಹೋದ ಮೇಲೂ ಅವ್ವ ಅದನ್ನು ಬಿಡಲಿಲ್ಲ. ಪ್ರತಿ ವರ್ಷ ಸೆರಗು ಸಿಕ್ಕಿಸಿಕೊಂಡು, ಅವನ ಪಾನಾ ಹಿಡಿದು, ತನ್ನ ಕೈಯಾರೆ ನಟ್ಟು ತಿರುಗಿಸಿ, ಬಾನೆಟ್ಟಿಗೆ ನಮಸ್ಕಾರ ಮಾಡುತ್ತಿದ್ದಳು.

ಪವಾಯಿಯ ಆ ಘಟನೆಯ ಮೇಲೆ ಕಾರನ್ನು ಕುರ್ಲಾದ ದಸ್ತಗೀರ್ ಚಾಚಾನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ವಿಜಯಪುರದವನು, ಅಪ್ಪನ ಕಾಲದಿಂದ ಗೊತ್ತು. ಅವನು ಕೆಳಗೆ ಮಲಗಿ ನೋಡಿ, ಎಂಜಿನ್ನೂ ಗೇರ್ ಬಾಕ್ಸೂ ಕೂಡುವಲ್ಲಿ ತೊಟ್ಟಿಕ್ಕುತ್ತಿದ್ದ ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ಎದ್ದ. "ಎಣ್ಣಿ ತಡಿಯೂ ಹಿಂದಿನ ಸೀಲ್ ಗಯಾ, ಬೇಟಿ. ಪೂರಾ ಎಂಜಿನ್ ಇಳಸಬೇಕು. ಈ ಉಮರಿನ ಗಾಡಿಗೆ ಅಷ್ಟ್ಯಾಕ? ಗುಜರಿ ಭಂಗಾರ್‌ವಾಲಾಗೆ ಕೊಟ್ಟುಬಿಡು." ಅವನದೇನೂ ತಪ್ಪಲ್ಲ, ಯಾರು ನೋಡಿದರೂ ಹಾಗೇ ಅನ್ನುತ್ತಿದ್ದರು. ಅವ್ವ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, "ಕೊಟ್ಟುಬಿಡ್ರಿ ಅಣ್ಣಾ," ಎಂದಳು, ಕಾರಿನ ಕಡೆ ನೋಡದೆ. ಆ ಹೊಗೆ ಎಲ್ಲಿಂದ ಎದ್ದಿತೆಂದು ತಿಳಿಯದೆ ಇದನ್ನು ಗುಜರಿಗೆ ಹಾಕಿದರೆ ಅದು ನನ್ನೊಳಗೆ ಉಳಿದೇ ಉಳಿಯುತ್ತದೆ ಅನ್ನಿಸಿತು. "ಚಾಚಾ, ಮೊದಲು ತೊಳೀಬೇಕು," ಎಂದೆ. ಮೂಲೆಯ ಅಂಗಡಿಯಿಂದ ಪೌಡರ್ ತಂದಾಗ ಚಾಚಾ ನಕ್ಕುಬಿಟ್ಟ. "ಯಾ ಅಲ್ಲಾ, ಬಾಪನಂಗs ಮಗಳು! ಲಿಪ್‌ಸ್ಟಿಕ್ಕೂ ತಂದಿಯೇನು?"

ತೊಳೆದು, ಒಣಗಿಸಿ, ಪೌಡರ್ ಉದುರಿಸಿದ ಮೇಲೆ ಎಂಜಿನ್ ಚಾಲು ಮಾಡಿ ಟಾರ್ಚ್ ಹಿಡಿದು ಬಗ್ಗಿದೆ. ಸೀಲ್ ಇರುವ ಹಿಂಬದಿಯ ಕೆಳಭಾಗ ಇನ್ನೂ ಬೆಳ್ಳಗೇ ಇತ್ತು. ಕಪ್ಪು ಗೆರೆ ಮೂಡಿದ್ದು ಮೇಲೆ, ತಲೆಯ ಮುಚ್ಚಳದ ಹಿಂದಿನ ಅಂಚಿನಲ್ಲಿ. ಅಲ್ಲಿಂದ ಹೊರಟ ಆಯಿಲ್ ಒಂದು ಕವಲಾಗಿ ಕಾದ ಸೈಲೆನ್ಸರ್ ಪೈಪಿಗೆ ಬಿದ್ದು ಹೊಗೆಯೆಬ್ಬಿಸಿತು; ಇನ್ನೊಂದು ಬೆನ್ನಗುಂಟ, ಚಾಚಾ ಸೋರಿಕೆ ಕಂಡಿದ್ದ ಜಾಗದತ್ತ ಕೆಳಗಿಳಿಯಿತು. ಹೊಗೆ ಕಂಡರೂ ನಾನು ಹಿಂದೆ ಸರಿಯಲಿಲ್ಲ. ಚಾಚಾ ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಮುಚ್ಚಳ ತೆಗೆದ. ಒಳಗಿನ ಕಾರ್ಕಿನ ಪ್ಯಾಕಿಂಗ್ ಹಪ್ಪಳದಂತೆ ಚಪ್ಪಟೆಯಾಗಿ, ಹಿಂದಿನ ಮೂಲೆಯಲ್ಲಿ ಸೀಳಿಹೋಗಿತ್ತು. "ಇಷ್ಟು ಟೈಟ್ ಯಾವ ಪೈಲ್ವಾನ ಮಾಡ್ಯಾನ?" ಎಂದ.

ನನಗೆ ಹೊಳೆಯಿತು. ಅಷ್ಟರಲ್ಲಿ ಅವ್ವ ಸ್ಟೂಲಿನಿಂದ ಎದ್ದು ಬಂದಳು. ಹರಿದ ಪ್ಯಾಕಿಂಗನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ನಾನs ಅಣ್ಣಾ. ವರ್ಷಾ ವರ್ಷಾ ಖಂಡೇ ಪೂಜಿಗೆ. ಅವರು ತಿರುವತಿದ್ದರಲ್ಲ, ಹಂಗs." ಚಾಚಾ ಮೆಲ್ಲಗೆ ಹೇಳಿದ: "ಭಾಬಿ, ಅಂವಾ ಮೊದಲು ಒಂದೀಟು ಸಡ್ಲ ಮಾಡಿ, ಆಮ್ಯಾಲೆ ಅದs ಜಾಗಾಕ್ಕ ತಂದು ಬಿಡ್ತಿದ್ದ. ಬಿಗಿ ಮಾಡ್ತಿದ್ದಿಲ್ಲ." ಸಡಿಲಿಸುವ ಆ ಚೂರು ಚಲನೆ ನಮ್ಮಿಬ್ಬರಿಗೂ ಕಂಡೇ ಇರಲಿಲ್ಲ. ನಾವು ಅವನ ಬೆನ್ನ ಹಿಂದೆ ನಿಂತಿರುತ್ತಿದ್ದೆವು.

ಹೊಸ ಪ್ಯಾಕಿಂಗ್ ಕೂಡಿಸಿ, ಮುಚ್ಚಳವಿಟ್ಟು, ಚಾಚಾ ಗಾಡಿಯಲ್ಲೇ ಇದ್ದ ಅಪ್ಪನ ಪಾನಾವನ್ನು ಅವ್ವನಿಗೇ ಕೊಟ್ಟ. ಅವಳು ಬೇಡವೆಂದಳು, ಅವನು ಕೈ ಹಿಂದೆಗೆಯಲಿಲ್ಲ. ಎರಡೇ ಬೆರಳಲ್ಲಿ, ಮಗುವಿನ ಕುಲಾವಿಯ ಲಾಡಿ ಕಟ್ಟುವಂತೆ, ಅವಳು ಒಂದೊಂದೇ ನಟ್ಟು ತಿರುಗಿಸಿದಳು. ಚಾಚಾ "ಬಸ್" ಅಂದಲ್ಲಿ ನಿಲ್ಲಿಸಿದಳು. ಅವಳ ಕಡೆಯ ಬಾಗಿಲಿನ ಹಿಡಿಕೆಯನ್ನೂ ಅವನು ಸರಿಮಾಡಿದ. ಅದನ್ನು ನಾನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದೆ. ಅವ್ವ ಬಂದು ಒಳಗೆ ಕೂತಳು.

ಚಾಳಿದ್ದ ರಸ್ತೆಗೇ ಗಾಡಿ ತಿರುಗಿಸಿದೆ. ಎಂಜಿನ್ ಕಾಯತೊಡಗಿದಾಗ ನನ್ನ ಮೂಗು ಹೊಗೆಗಾಗಿ ಕಾಯುತ್ತಿತ್ತು. ಬಂದದ್ದು ಒರೆಸಿಯೂ ಸಂದಿಗಳಲ್ಲಿ ಉಳಿದಿದ್ದ ಪೌಡರಿನ ವಾಸನೆ. ಗಾಜಿನ ಬಿಲ್ಡಿಂಗ್ ಎದುರು ಬಂತು, ಹಿಂದೆ ಸರಿಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಅವ್ವ ಮಡಿಲಲ್ಲಿದ್ದ ಅಪ್ಪನ ಪಾನಾವನ್ನು ಸೆರಗಿನಿಂದ ಒರೆಸುತ್ತ ಹೇಳಿದಳು: "ಈ ಸಲ ಖಂಡೇ ಪೂಜಿಗೆ ಬರೇ ಕುಂಕುಮ ಹಚ್ಚೂಣು."