ಓರಗಿತ್ತಿಯ ಸದ್ದಿಲ್ಲದ ಕಾರು

ನಮ್ಮ ಮನೆತನದಲ್ಲಿ ಕಾರು ತಗೋಬೇಕು ಅಂತ ಮೊದಲು ಬಾಯಿಬಿಟ್ಟವಳು ನಾನು. ಚಿಂತಾಮಣಿಯಿಂದ ಶಿಡ್ಲಘಟ್ಟದ ಹೈಸ್ಕೂಲಿಗೆ ಪಾಠ ಮಾಡಲು ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದ್ದೆ. ಬೆಳಗ್ಗೆ ಇಸ್ತ್ರಿ ಮಾಡಿ ಉಟ್ಟ ಸೀರೆ ಶಾಲೆಯ ಪ್ರಾರ್ಥನೆ ಹೊತ್ತಿಗೇ ಮುದುಡಿ ಹೋಗಿರುತ್ತಿತ್ತು. ನನ್ನ ಮಕ್ಕಳು ಕಾಲೇಜಿಗೆ ಹೋಗುವಷ್ಟು ದೊಡ್ಡವರಾದ ಮೇಲೆ ನಾನು ಡ್ರೈವಿಂಗ್ ಕಲಿತೆ. ಯಾವ ಗಾಡಿ ತಗೊಳ್ಳುವುದು ಅಂತ ಒಂದು ವರ್ಷ ವಿಚಾರಿಸಿದೆ. ಸ್ಟಾಫ್ ರೂಮಿನಲ್ಲಿ ಕೇಳಿದೆ, ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಚಿಕ್ಕಬಳ್ಳಾಪುರದ ಶೋರೂಮಿಗೆ ಹೋಗಿ ಒಂದೊಂದು ಸೀಟಿನಲ್ಲೂ ಕೂತು ಎದ್ದು ಬಂದೆ. ಕೊನೆಗೆ ಬೂದು ಬಣ್ಣದ ಒಂದು ಸಣ್ಣ ಕಾರು ಬುಕ್ ಮಾಡಿದೆ.

ಅದಾಗಿ ವಾರ ಕಳೆಯುವಷ್ಟರಲ್ಲಿ ನನ್ನ ಓರಗಿತ್ತಿಯೂ ಅದೇ ಕಾರನ್ನು, ಅದೇ ಬಣ್ಣದಲ್ಲಿ, ಅದೇ ಶೋರೂಮಿನಲ್ಲಿ ಬುಕ್ ಮಾಡಿದಳು.

"ಅಕ್ಕ ನೋಡವ್ರೆ ಅಂದ್ಮೇಲೆ ನಾವಿನ್ನೇನು ನೋಡೋದು, ಅಲ್ವಾ ಅತ್ತೆ?" ಅಂತ ಅತ್ತೆಯ ಮುಂದೆ ನಕ್ಕಳು. ಅದು ಹೊಗಳಿಕೆಯೇ. ಆದರೆ ನನ್ನ ಒಂದು ವರ್ಷದ ಓಡಾಟವನ್ನು ಅವಳು ಒಂದೇ ಮಾತಿನಲ್ಲಿ ಎತ್ತಿಕೊಂಡು ಹೋದಳು ಅನ್ನಿಸಿತು.

ಅವಳು ನನ್ನ ಮೈದುನನ ಹೆಂಡತಿ. ಮುರುಗಮಲ್ಲದ ಆಚೆಯ ಹಳ್ಳಿಯವಳು, ಮನೆಯಲ್ಲಿ ತೆಲುಗು ಆಡಿ ಬೆಳೆದವಳು. ಅಂಬಾಜಿದುರ್ಗದ ಕಡೆ ಅವರದೊಂದು ಸಸಿ ನರ್ಸರಿ ಇದೆ. ಟೊಮೇಟೊ, ಹೂಕೋಸು, ಮೆಣಸಿನ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ರೈತರಿಗೆ ಕೊಡುತ್ತಾರೆ. ಅತ್ತೆ ಇರುವುದೂ ಅಲ್ಲೇ. ಪೇಟೆಯ ನಮ್ಮ ಮನೆಯಲ್ಲಿ ಅವರಿಗೆ ಗಾಳಿ ಸಾಲುವುದಿಲ್ಲವಂತೆ. ಓರಗಿತ್ತಿ ಹೊಸ ಕಾರಿನ ಹಿಂದಿನ ಸೀಟು ಮಡಚಿ ಅದರಲ್ಲೇ ಟ್ರೇಗಳನ್ನು ತುಂಬಿಕೊಂಡು ಹೊಲಗಳಿಗೆ ಓಡಾಡಲು ಶುರುಮಾಡಿದಳು. ಗಾಡಿಯೊಳಗೆಲ್ಲ ತೆಂಗಿನನಾರಿನ ಪುಡಿ, ಒದ್ದೆ ಮಣ್ಣು. ನಾನಾದರೋ ನನ್ನ ಗಂಡನಿಗೆ ಚಪ್ಪಲಿ ಕೊಡವಿಯೇ ಹತ್ತಿ ಅನ್ನುತ್ತಿದ್ದೆ.

ಸದ್ದು ಶುರುವಾದದ್ದು ನನ್ನ ಕಾರಿನಲ್ಲಿ.

ಸ್ಟೀರಿಂಗ್ ತಿರುಗಿಸಿದರೆ ಎಡಗಾಲ ಹತ್ತಿರ ಎಲ್ಲೋ ಟಕ್, ಟಕ್ ಅನ್ನುವುದು. ಮೊದಮೊದಲು ತಿರುವುಗಳಲ್ಲಿ ಮಾತ್ರ, ಆಮೇಲೆ ಸಣ್ಣ ಹಳ್ಳ ಬಂದರೂ ಸಾಕು. ಶಾಲೆಯ ಗೇಟಿನಲ್ಲಿ ತಿರುಗುವಾಗಂತೂ ಅದು ಕಾರಿಡಾರಿನವರೆಗೆ ಕೇಳುತ್ತಿತ್ತು. "ಮಿಸ್ ಬಂದ್ರು ಕಣ್ರೋ" ಅಂತ ಹತ್ತನೇ ಕ್ಲಾಸಿನ ಹುಡುಗರು ಪುಸ್ತಕ ತೆಗೆಯುವುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ.

"ರೇಡಿಯೋ ಸ್ವಲ್ಪ ಜೋರಾಗಿಟ್ಕೊ," ಅಂದರು ನನ್ನವರು. ಅವರು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರು. ಯಾವ ದೂರನ್ನಾದರೂ ತಾನಾಗೇ ತಣ್ಣಗಾಗುವ ತನಕ ಕಾಯುವುದು ಅವರಿಗೆ ಅಭ್ಯಾಸ.

ನಾನು ರಜೆ ಹಾಕಿ ಚಿಕ್ಕಬಳ್ಳಾಪುರದ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ಗಾಡಿ ಬರೆದುಕೊಳ್ಳುವ ಅಡ್ವೈಸರ್ ಒಬ್ಬ ಇದ್ದ. ಇಸ್ತ್ರಿ ಮಾಡಿದ ನೀಲಿ ಶರ್ಟು, ಕಿವಿಗೆ ಸಿಕ್ಕಿಸಿದ ಬ್ಲೂಟೂತ್, ಬಾಯಿ ತುಂಬಾ ಮೇಡಂ. ಗಾಡಿ ಬಿಟ್ಟು ಹೋಗಿ ಮೇಡಂ, ನೋಡ್ತೀವಿ ಮೇಡಂ. ಗಾಡಿ ಬಿಟ್ಟು ಬಸ್ಸಿನಲ್ಲಿ ನಿಂತುಕೊಂಡು ಊರಿಗೆ ಬಂದೆ. ಮಾರನೇ ದಿನ ಹೋದರೆ ಕಾರು ತೊಳೆದು ಫಳಫಳ ಅನ್ನುತ್ತಿತ್ತು. "ಟ್ರಯಲ್ ನೋಡಿದ್ವಿ ಮೇಡಂ, ಸೌಂಡೇ ಬರ್ಲಿಲ್ಲ. ಗ್ರೀಸ್ ಹಾಕಿದೀವಿ," ಅಂದ. ಅವರ ಗೇಟು ದಾಟಿ ಹೈವೇಗೆ ತಿರುಗಿಸಿದ್ದೇ ತಡ, ಟಕ್ ಅಂತು. ಸಂಜೆ ಒಂದು ಹೆಣ್ಣು ದನಿ ಫೋನ್ ಮಾಡಿ, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಅಂತ ಕೇಳಿತು.

ಎರಡನೇ ಸಲ ಅವನು ಕಾರಿನಲ್ಲಿ ನನ್ನ ಪಕ್ಕ ಕೂತ. ಸದ್ದು ಬಂತು. "ಕೇಳಿಸ್ತಲ್ಲಪ್ಪ?" ಅಂದೆ. "ಇದು ನಾರ್ಮಲ್ ಮೇಡಂ" ಅಂದ. ಮೂರನೇ ಸಲ, ಕಂಪನಿಗೆ ಬರೆದಿದೀವಿ, ಅಪ್ರೂವಲ್ ಬರಬೇಕು ಅಂದ. ಇನ್ನೊಂದು ಸಲ ಹೋದರೆ ಅವನೇ ರಜೆ. ವಾರಂಟಿ ಮುಗಿಯುವ ತಿಂಗಳು ಹತ್ತಿರ ಬರುತ್ತಿತ್ತು. ಇವರು ಅದಕ್ಕೇ ಕಾಯುತ್ತಿದ್ದಾರೆ ಅನ್ನುವ ಗುಮಾನಿ ನನಗೆ ಬಲವಾಗಿತ್ತು.

ಇಷ್ಟರ ಮಧ್ಯೆ ಓರಗಿತ್ತಿಯ ಗಾಡಿ ಸದ್ದಿಲ್ಲದೆ ಓಡುತ್ತಿತ್ತು. ಒಮ್ಮೆ ಅವಳ ತವರಿನ ಕಡೆಯ ಮದುವೆಗೆ ನಾವೆಲ್ಲ ಅವಳ ಕಾರಿನಲ್ಲೇ ಹೋದೆವು. ಮುಂದೆ ಅವಳ ಪಕ್ಕ ನಾನು, ಹಿಂದೆ ಅತ್ತೆ ಮತ್ತು ನನ್ನವರು. ಮುರುಗಮಲ್ಲ ದಾಟಿದ ಮೇಲೆ ಮಣ್ಣು ರಸ್ತೆ, ಗುಂಡಿ ಮೇಲೆ ಗುಂಡಿ. ಅವಳು ಒಂದೇ ಕೈಯಲ್ಲಿ ಸ್ಟೀರಿಂಗ್ ಆಡಿಸುತ್ತಾ ಇನ್ನೊಂದು ಕೈಯಲ್ಲಿ ಅತ್ತೆಗೆ ಹೊಲಗಳನ್ನು ತೋರಿಸುತ್ತಿದ್ದಳು. ನಾನು ಮಾತು ಬಿಟ್ಟು ಕಿವಿ ಕೊಟ್ಟು ಕೂತಿದ್ದೆ. ಒಂದೇ ಒಂದು ಸಲ ಟಕ್ ಅನ್ನಲಪ್ಪ ದೇವರೇ ಅಂತ ಬೇಡಿಕೊಂಡೆ. ಅನ್ನಲಿಲ್ಲ. ಮದುವೆಮನೆಯಲ್ಲಿ ಒಬ್ಬಟ್ಟು ನನಗೆ ಸೇರಲಿಲ್ಲ.

"ಯಾಕಕ್ಕ, ಮೈಗೆ ಹುಷಾರಿಲ್ವಾ?" ಅಂತ ಅವಳೇ ಬಂದು ಕೇಳಿದಳು.

"ಬಿಸಿಲು ಕಣಮ್ಮ," ಅಂದೆ.

ಮುಂದಿನ ಸಲ ಸರ್ವಿಸ್ ಸೆಂಟರಿನಲ್ಲಿ ನಾನು ದನಿ ಏರಿಸಿದೆ. ಅಡ್ವೈಸರ್ ತಾಳ್ಮೆಯಿಂದಲೇ ಹೇಳಿದ: "ಮೇಡಂ, ಈ ಮಾಡೆಲ್ಲೇ ಹಿಂಗೆ. ಎಲ್ಲಾ ಗಾಡಿಲೂ ಬರುತ್ತೆ. ಸೌಂಡ್ ಬರದೇ ಇರೋ ಗಾಡಿ ಒಂದು ತೋರ್ಸಿ, ಆಗ ಮಾತಾಡಣ."

ಅಂಥ ಗಾಡಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಮನೆಗೆ ಬಂದು ನನ್ನವರಿಗೆ ಹೇಳಿದೆ. "ಅದಕ್ಕೇನು, ಅವಳನ್ನ ಕೇಳು" ಅಂದು ಪೇಪರ್ ತಿರುವಿದರು. ಅವರಿಗೆ ಸುಲಭ. ನಾನು ಕೆಲವು ದಿನ ಫೋನ್ ಕೈಗೆ ತಗೊಳ್ಳುವುದು, ಇಡುವುದು ಮಾಡಿದೆ. ನನ್ನ ಗಾಡಿ ಕೆಟ್ಟಿದೆ, ನಿನ್ನದು ಚೆನ್ನಾಗಿದೆ, ನಿನ್ನದನ್ನು ತಂದು ತೋರಿಸು ಅಂತ ನನ್ನ ಬಾಯಿಂದಲೇ ಹೇಳಬೇಕಿತ್ತು. ವಾರಂಟಿಯ ತಾರೀಖು ಎದೆ ಮೇಲೆ ಕೂತಾಗ ಕೊನೆಗೂ ಹೇಳಿದೆ.

"ಇಷ್ಟೇನಾ ಅಕ್ಕ? ಮೊದ್ಲೇ ಹೇಳ್ಬಾರ್ದಾ? ನಾಳೆನೇ ಹೋಗಣ ಬನ್ನಿ," ಅಂದಳು.

ಎರಡು ಬೂದು ಕಾರುಗಳು ಹಿಂದೆ ಮುಂದೆ ಹೊರಟವು. ನಾನು ಹಿಂದೆ. ಅವಳು ಲಾರಿ, ಟ್ರ್ಯಾಕ್ಟರು, ಬಸ್ಸು ಒಂದನ್ನೂ ಬಿಡದೆ ದಾಟಿಕೊಂಡು ಹೋಗುವಳು. ನಾನು ಹಿಪ್ಪುನೇರಳೆ ಸೊಪ್ಪು ಹೇರಿದ ಟೆಂಪೋ ಒಂದರ ಹಿಂದೆ ಶಿಡ್ಲಘಟ್ಟದವರೆಗೂ ತೆವಳಿದೆ. ಊರ ಹೊರಗೆ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಅವಳು ಕಡಲೆಕಾಯಿ ತಿನ್ನುತ್ತಾ ನಿಂತಿದ್ದಳು. "ನಿಧಾನಕ್ಕೆ ಬನ್ನಿ ಅಕ್ಕ, ಏನೂ ಆತುರ ಇಲ್ಲ," ಅಂದಳು. ನಾನು ನಿಧಾನಕ್ಕೇ ಬರುತ್ತಿದ್ದೆ.

ಅಡ್ವೈಸರ್ ನನ್ನ ಕಾರನ್ನು ಅಂಗಳದಲ್ಲಿ ಒಂದು ಸುತ್ತು ತಿರುಗಿಸಿದ. ಟಕ್, ಟಕ್. ಅವಳದನ್ನು ತಿರುಗಿಸಿದ. ಟ್ರೇಗಳು ಅಲುಗಾಡಿದ ಸದ್ದು ಬಿಟ್ಟರೆ ಏನೂ ಇಲ್ಲ. ಇಳಿದವನು ಪ್ಯಾಂಟಿಗಂಟಿದ ಮಣ್ಣು ಕೊಡವಿಕೊಂಡ. "ಇದ್ರಲ್ಲಿ ಬರ್ತಿಲ್ಲ ಮೇಡಂ, ನಿಜ. ಆದ್ರೆ ಕ್ಲೇಮ್ ನಮ್ಮ ಕೈಲಿಲ್ಲ. ಮೇಲಿನವರು ಒಪ್ಬೇಕು."

ನನಗೆ ರೇಗಿ ಹೋಯಿತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಹೊರಗೆ ತೆಗೆದೆ. ಗ್ರಾಹಕರ ಹಕ್ಕು, ಗ್ರಾಹಕರ ನ್ಯಾಯಾಲಯ, ಲಿಖಿತ ಉತ್ತರ, ಹೊಣೆಗಾರಿಕೆ. ಒಂದು ಮಾತೂ ತಪ್ಪಲಿಲ್ಲ, ಒಂದು ಒತ್ತಕ್ಷರವೂ ಜಾರಲಿಲ್ಲ. ಆದರೆ ನಾನು ಮಾತಾಡಿದಷ್ಟೂ ಅವನ ಮುಖ ಬಾಗಿಲು ಹಾಕಿಕೊಳ್ಳುತ್ತಾ ಹೋಯಿತು. "ನೀವು ಕಂಪ್ಲೇಂಟ್ ಮಾಡ್ಬೋದು ಮೇಡಂ, ನಿಮ್ಮಿಷ್ಟ," ಅಂದ.

ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಹೊರಗೆ ಬಂದರು. ದಪ್ಪ ಮೀಸೆಯವರು, ಫೋನಿನಲ್ಲಿ ಯಾರನ್ನೋ ತೆಲುಗಿನಲ್ಲಿ ಬಯ್ಯುತ್ತಿದ್ದರು. ಓರಗಿತ್ತಿ ಅವರ ಮಾತು ಮುಗಿಯುವವರೆಗೆ ಸುಮ್ಮನೆ ನಿಂತಿದ್ದು, "ಮೀದಿ ಏ ಊರನ್ನಾ?" ಅಂದಳು.

ಅವರು ಊರಿನ ಹೆಸರು ಹೇಳಿದರು. ಅವಳ ತವರಿನಿಂದ ಎರಡು ಹಳ್ಳಿ ಆಚೆ.

ಆಮೇಲೆ ಇಬ್ಬರೂ ತೆಲುಗಿಗೆ ಹೊರಳಿದರು. ನನಗೆ ತೆಲುಗು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಅವರ ಚಿಕ್ಕಪ್ಪನ ಹೊಲ, ಈ ಸಲದ ಟೊಮೇಟೊ, ಎಲೆ ಮುದುಡುವ ರೋಗ. ಯಾವ ಸಸಿ ತಡೆದುಕೊಳ್ಳುತ್ತದೆ ಅಂತ ಅವರು ಕೇಳಿದರು, ಅವಳು ಹೇಳಿದಳು. ಇಷ್ಟೆಲ್ಲ ಆದ ಮೇಲೆ, ಏನೋ ಮರೆತಿದ್ದು ನೆನಪಾದ ಹಾಗೆ ನನ್ನ ಕಡೆ ಕೈ ತೋರಿಸಿದಳು. ಇವರು ನಮ್ಮಕ್ಕ, ಟೀಚರಮ್ಮ, ಪಾಪ ಎಷ್ಟು ಸಲ ಓಡಾಡವ್ರೆ, ಆ ಸ್ಟೀರಿಂಗಿಂದು ಅದೇನು ನೋಡಿ ಮಾಡಿಸಿಕೊಡಿ ಅಣ್ಣ.

ಮ್ಯಾನೇಜರ್ ಅಡ್ವೈಸರನ್ನು ಕರೆದರು. "ವಾರಂಟಿ ಇದ್ಯಾ? ಮತ್ತಿನ್ನೇನು? ಪಾರ್ಟ್ ಆರ್ಡರ್ ಹಾಕು."

ಅಷ್ಟೇ. ಅವನು ತಲೆಯಾಡಿಸಿ ಕಂಪ್ಯೂಟರಿನ ಮುಂದೆ ಕೂತ. ಮೇಲಿನವರು ಅಂದರೆ ಎಲ್ಲೋ ದೂರದ ದೊಡ್ಡ ಆಫೀಸು ಅಂದುಕೊಂಡಿದ್ದೆ. ಅವರು ಈ ಗಾಜಿನ ಬಾಗಿಲಿನ ಹಿಂದೆ, ನಾನು ಪ್ರತಿ ಸಲ ಕಾದು ಕೂತ ಸೋಫಾದಿಂದ ಕೂಗಳತೆಯಲ್ಲೇ ಇದ್ದರು.

ಬರುವಾಗ ಹೋಟೆಲಿನಲ್ಲಿ ಕಾಫಿಗೆ ನಿಂತೆವು. ನಾನು ಥ್ಯಾಂಕ್ಸ್ ಹೇಳಬೇಕಿತ್ತು. ಹೇಳಿದೆನೋ ಇಲ್ಲವೋ, ಗಂಟಲಲ್ಲಿ ಏನೋ ಗೊಣಗಿದ ನೆನಪು. ಅವಳು ಕಾಫಿ ಆರಿಸಿಕೊಳ್ಳುತ್ತಾ, "ಅಕ್ಕ, ಅವ್ನ ಹತ್ರ ಎಷ್ಟು ಚೆನ್ನಾಗಿ ಮಾತಾಡಿದ್ರಿ! ಪುಸ್ತಕ ಓದ್ದಂಗೆ. ನಂಗಂತೂ ಜನ್ಮದಲ್ಲಿ ಹಂಗೆ ಬರಲ್ಲ," ಅಂದಳು. ಅದರಲ್ಲಿ ಕುಹಕ ಇದೆಯಾ ಅಂತ ಅವಳ ಮುಖದಲ್ಲಿ ಹುಡುಕಿದೆ. ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಇರಲಿಲ್ಲ. ಅವಳು ನಿಜವಾಗಿಯೇ ಮೆಚ್ಚಿದ್ದಳು.

ಪಾರ್ಟ್ ಬಂತು, ಹಾಕಿದರು. ಒಂದು ರೂಪಾಯಿಯನ್ನೂ ಕೇಳಲಿಲ್ಲ. ಆ ದಿನ ಒಬ್ಬಳೇ ಗಾಡಿ ತಗೊಂಡು ಬಂದೆ. ನಂದಿ ಬೆಟ್ಟದ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ಪ್ರತಿ ತಿರುವಿನಲ್ಲೂ ಉಸಿರು ಬಿಗಿಹಿಡಿದು ಕಾದೆ. ಸದ್ದಿಲ್ಲ. ಶಿಡ್ಲಘಟ್ಟ ಬಂದರೂ ಇಲ್ಲ. ಖುಷಿಯಾಗಬೇಕಿತ್ತು. ಆಯಿತು ಕೂಡ, ಇಲ್ಲ ಅನ್ನಲಾರೆ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಹತ್ತಿ ಕೂತಿತು. ಈ ನಿಶ್ಶಬ್ದವೂ ಅವಳು ಕೊಡಿಸಿದ್ದು.

ಅತ್ತೆ ಅದನ್ನು ಮರೆಯಲು ಬಿಡಲಿಲ್ಲ. ಆ ಭಾನುವಾರ ಅಲ್ಲಿಗೆ ಊಟಕ್ಕೆ ಹೋದಾಗ, ಗೌರಿಬಿದನೂರಿನ ನನ್ನ ನಾದಿನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ದೊಡ್ಡೋಳು ತಿಂಗಳಾನುಗಟ್ಟಲೆ ಅಲೆದ್ಲು ಕಣೇ, ಆಗ್ಲಿಲ್ಲ. ಚಿಕ್ಕೋಳು ಹೋಗಿ ಎರಡು ಮಾತಾಡಿದ್ಲು, ಮಾಡ್ಕೊಟ್ರು." ನಾನು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಓರಗಿತ್ತಿ ಪಕ್ಕದಲ್ಲೇ ಮುದ್ದೆ ತೊಳಸುತ್ತಿದ್ದವಳು, "ಸುಮ್ನಿರಿ ಅತ್ತೆ, ಅಕ್ಕ ಅಷ್ಟು ಜಗಳ ಆಡಿದ್ದಕ್ಕೇ ಅವ್ರು ಬಗ್ಗಿದ್ದು," ಅಂತ ಕೂಗಿ ಹೇಳಿದಳು. ನನ್ನ ಪರವಾಗಿ ವಾದ ಮಾಡುವ ಕೆಲಸವನ್ನೂ ಅವಳೇ ಮಾಡಿದಳು. ಸೌತೆಕಾಯಿ ಹೋಳುಗಳು ಬಹಳ ಸಣ್ಣಗಾದವು.

ಮೊನ್ನೆ ಸರ್ವಿಸಿಗೆ ಮತ್ತೆ ಹೋಗಿದ್ದೆ. ಅಡ್ವೈಸರ್ ನನ್ನನ್ನು ಕಂಡವನೇ ಎದ್ದು ನಿಂತ. ಕುರ್ಚಿ ಹಾಕಿಸಿದ, ಟೀ ತರಿಸಿದ. ನನ್ನನ್ನು ದಾಟಿ ಗೇಟಿನ ಕಡೆ ನೋಡಿ, "ಮೇಡಂ, ನರ್ಸರಿ ಅಕ್ಕ ಬರ್ಲಿಲ್ವಾ?" ಅಂದ.

"ಅವಳಿಗೆ ಬಿಡುವಿಲ್ಲ" ಅಂದೆ.

"ನಮ್ಮ ಸಾರ್ ಕೇಳ್ತಿದ್ರು. ಅಕ್ಕ ಹೇಳಿದ ಆ ಟೊಮೇಟೊ ಸಸಿ ಬಾಳ ಚೆನ್ನಾಗಿ ಬಂದಿದೆಯಂತೆ."

ಹೇಳ್ತೀನಿ ಅಂದೆ. ಇನ್ನೂ ಹೇಳಿಲ್ಲ.