ಮನೆಯಲ್ಲೇ ತುಂಬಿದ ಗುಂಡು

ಕಟಕ್, ಕಟಕ್. ಗಿಲ್‌ರಾಯ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರು ಗರಾಜಿನಲ್ಲಿ ಕೂತು ಪಿಸ್ತೂಲಿನ ಗುಂಡುಗಳಿಗೆ ತಾವೇ ಮದ್ದು ತುಂಬುತ್ತಿದ್ದ ಸದ್ದು ಅದು. ಸಾರಿನ ಪುಡಿಯನ್ನೂ ಅಂಗಡಿಯಿಂದ ತರದ ಪರ್ಫೆಕ್ಟ್ ಜೆಂಟಲ್‌ಮನ್. “ಫ್ಯಾಕ್ಟರೀದು ನಂಬೋ ಹಾಗಿಲ್ಲ, ಆಂಟಿ,” ಎಂದು ಮೀಸೆ ಸವರಿಕೊಳ್ಳುವರು. ಆಸ್ಪತ್ರೆಯ ಕೆಲಸದಿಂದ ರಾತ್ರಿ ಒಬ್ಬರೇ ಬರುವ ಹೆಂಡತಿಯ ಹ್ಯಾಂಡ್‌ಬ್ಯಾಗಿನ ಪಿಸ್ತೂಲಿನಲ್ಲೂ ಇವರದೇ ಗುಂಡು.

ಒಂದು ಭಾನುವಾರ ಶೂಟಿಂಗ್ ರೇಂಜಿಗೆ ನನ್ನನ್ನೂ ಕರೆದೊಯ್ದರು. ಹೆಂಡತಿ ತಮ್ಮ ಆ ಪಿಸ್ತೂಲನ್ನೇ ತೆಗೆದು ಟ್ರಿಗರ್ ಒತ್ತಿದರೆ ಬರೀ ‘ಟುಸ್’. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತು. ಡಾಕ್ಟರು ಮದ್ದು ಹಾಕುವುದನ್ನೇ ಮರೆತಿದ್ದರು.

“ರೀ, ಇದನ್ನ ನಂಬ್ಕೊಂಡು ಆರು ತಿಂಗಳು ಓಡಾಡಿದೀನಲ್ರೀ! ಸಾರಿಗೆ ಉಪ್ಪು ಮರೀತೀರಿ, ಸರಿ. ಇದಕ್ಕೂನಾ?”

ನಾನು ಡಾಕ್ಟರನ್ನು ಮೊನ್ನೆ ಕಂಡದ್ದು ಅವರ ಡ್ರೈವ್‌ವೇಯಲ್ಲಿ. ಹೆಂಡತಿ ಕೆಲಸಕ್ಕೆ ಹೊರಟು ಕಾರಿನಲ್ಲಿ ಕಾಯುತ್ತಿದ್ದರು. ಪೂರ್ ಮ್ಯಾನ್, ಫ್ಯಾಕ್ಟರಿಯ ಹೊಸ ಗುಂಡುಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು, ತೆಂಗಿನಕಾಯಿಯಂತೆ ಅಲ್ಲಾಡಿಸಿ ನೋಡುತ್ತಿದ್ದರು.