ಖಂಡೇ ಪೂಜೆಗೆ ತೊಳೆದ ಲಾರಿ

ನನಗೆ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮ ಕಾಕಾ, ಅಪ್ಪನ ತಮ್ಮ. ಹೇಳುವಾಗ ಮುಂದೆ ಚಾಚಿದ ಅವನ ಬಲಗೈ ಇನ್ನೂ ನನ್ನ ಕಣ್ಣ ಮುಂದಿದೆ. ಇಪ್ಪತ್ತು ವರ್ಷ ಲಾರಿಯ ಕಿಟಕಿಯ ಮೇಲೆ ಬಿಸಿಲುಂಡ ಆ ಕೈ ಮೊಣಕೈಯಿಂದ ಕೆಳಗೆ ಇದ್ದಿಲಿನಷ್ಟು ಕಪ್ಪು. ಎಡಗೈ ಮಾತ್ರ ಬೇರೆ ಯಾರದೋ ಎನ್ನುವಂತೆ ಗೋಧಿ ಬಣ್ಣ.

“ನಮ್ಮ ಮನ್ಯಾಗ ಹತ್ತನೇ ಕ್ಲಾಸ್ ದಾಟಿದ ಪ್ರಾಣಿ ಒಂದಿಲ್ಲ. ಇಕಿ ಡಿಗ್ರಿ ಮಾಡತಾಳಂತ!” ಎಂದು, ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮಪ್ಪನ ಮುಂದೆ ನಕ್ಕಿದ್ದ. ಆ ಸಿಟ್ಟಿನಲ್ಲೇ ನಾನು ಬಿ.ಕಾಂ.ಗೆ ಹೆಸರು ಹಚ್ಚಿದೆ.

ಕಮರಿಪೇಟೆಯ ಒಂದೇ ಮನೆಯಲ್ಲಿ ನಾವೆಲ್ಲ ಇದ್ದೆವು. ಕಾಕಾ ಮೊದಲು ಬೇರೆಯವರ ಲಾರಿ ಹೊಡೆಯುತ್ತಿದ್ದ. ಆ ಹಳೆಯ ಗಾಡಿ ದಾರಿಯಲ್ಲಿ ಕೆಟ್ಟರೆ ತಾನೇ ಕೆಳಗೆ ಹೊಕ್ಕು, ತಂತಿ ಸುತ್ತಿ, ಸೋರುವ ಕಡೆ ಸಾಬೂನು ಮೆತ್ತಿ ಊರು ಮುಟ್ಟಿಸುತ್ತಿದ್ದ. ಸ್ವಂತದ ಹೊಸ ಲಾರಿ ತಂದ ದಿನ ಬಾಗಿಲಲ್ಲಿ ನಿಂತು, “ಇನ್ನ ಯಾರಿಗೂ ‘ಹೂಂನ್ರಿ ಸಾವಕಾರ್ರ’ ಅನ್ನೂದಿಲ್ಲ” ಎಂದಿದ್ದ.

ವರ್ಷ ತುಂಬುವ ಮೊದಲೇ ಆ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೋಷದ ಹಳದಿ ದೀಪ ಹತ್ತಿತು. ಅರಬೈಲ್ ಘಾಟಿನಲ್ಲಿ ಲೋಡು ತುಂಬಿದ ಗಾಡಿ ಎಳೆಯಲೊಲ್ಲದು. ಬೈಪಾಸಿನ ಮೇಲಿದ್ದ ಡೀಲರ್‌ ವರ್ಕ್‌ಶಾಪಿನವರು ಲ್ಯಾಪ್‌ಟಾಪ್ ಹಚ್ಚಿ ದೀಪ ಆರಿಸಿ ಕಳಿಸಿದರು. ತಿಂಗಳೊಳಗೆ ಮತ್ತೆ ಅದೇ ದೀಪ, ಮತ್ತೆ ಅದೇ ಉಪಚಾರ. ವಾರಂಟಿ ಇದ್ದಾಗ ಹೊರಗಿನವರು ಪಾನಾ-ಸ್ಕ್ರೂಡ್ರೈವರ್ ಹಚ್ಚಬಾರದೆಂದು ತಾಕೀತು ಬೇರೆ.

“ಮಂದಿ ಗಾಡಿ ಇದ್ದಾಗ ಕರಳ ಮಟಾ ಬಿಚ್ಚತಿದ್ದೆ. ನನ್ನ ಗಾಡಿ ಅಂದಮ್ಯಾಲೆ ಮುಟ್ಟೂ ಹಂಗಿಲ್ಲ ನೋಡು” ಎನ್ನುತ್ತಿದ್ದ.

ಅಷ್ಟರಲ್ಲಿ ದಸರೆಯ ಖಂಡೇ ಪೂಜೆ ಬಂತು. ಲಾರಿ ಲೈನಿನವರೆಲ್ಲ ಮಾಡುವಂತೆ ಕಾಕಾನೂ ಕ್ಯಾಬಿನ್ ಮುಂದೆ ಬಗ್ಗಿಸಿ, ಇಂಜಿನ್ನಿಗೆ ಪೈಪಿನಿಂದ ನೀರು ಹೊಡೆದು ಫಳಫಳ ತೊಳೆದ. ವಿಭೂತಿ ಬಳಿದ, ಬಾಳೆಕಂಬ ಕಟ್ಟಿದ. ಮೂರನೆಯ ದಿನ ಗಾಡಿ ಪೂರ್ತಿ ನಿಂತಿತು. ಎಳೆದು ವರ್ಕ್‌ಶಾಪಿಗೆ ಒಯ್ದರು.

ಆಮೇಲೆ ಕಾಯುವುದು ಶುರುವಾಯಿತು. ಕಾಕಾ ದಿನಾ ರೊಟ್ಟಿ ಗಂಟು ಹಿಡಿದು ಹೋಗಿ ಅಲ್ಲಿಯ ಕಲ್ಲುಬೆಂಚಿನ ಮೇಲೆ ಸಂಜೆವರೆಗೆ ಕೂಡುತ್ತಿದ್ದ. ಅವನಂಥವರು ಇನ್ನೂ ಹತ್ತು ಮಂದಿ. ದೂರದ ಊರಿನ ಡ್ರೈವರುಗಳು ಕೆಟ್ಟ ಲಾರಿಗಳ ನೆರಳಲ್ಲೇ ಅನ್ನ ಬೇಯಿಸುತ್ತಿದ್ದರು, ಬಂಪರಿನ ಮೇಲೆ ಬನಿಯನ್ ಒಣಹಾಕುತ್ತಿದ್ದರು. ಕೌಂಟರಿನ ತರುಣನದು ಒಂದೇ ಮಾತು: “ಪಾರ್ಟ್ ಪುಣೆಯಿಂದ ಬರಬೇಕ್ರಿ ಕಾಕಾ.”

“ನಡಕೋತ ಬಂದಿದ್ರೂ ಇಷ್ಟೊತ್ತಿಗೆ ಬೆಳಗಾವಿ ದಾಟತಿತ್ತಲ್ಲೋ ತಮ್ಮಾ!”

ಬೆಂಚಿನವರೆಲ್ಲ ನಕ್ಕರಂತೆ. ಮನೆಗೆ ಬಂದು ನಮಗೂ ಹೇಳಿ ನಗಿಸಿದ. ಎರಡನೆಯ ತಿಂಗಳು ಹಿಡಿಯುವ ಹೊತ್ತಿಗೆ ಅವನು ತಿರುಗಿ ತಂದ ಗಂಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿದಿರುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ನೀರು ಹಾಕುತ್ತಿದ್ದ ಅವನ ಹೆಂಡತಿ, ನಮ್ಮ ಕಾಕು, “ಏನ್ರಿ, ಬಲಗೈ ತಿಳಿ ಆಗಾಕತ್ತೇತಲ್ಲ” ಎಂದಳು. ಕಾಕಾ ಎರಡೂ ಕೈ ಜೋಡಿಸಿ ನೋಡಿಕೊಂಡ. ಮತ್ತೊಂದು ರೊಟ್ಟಿ ಬೇಡವೆಂದು ಎದ್ದ.

ಆ ಶನಿವಾರ ಕಾಲೇಜು ಮುಗಿಸಿ ನಾನೂ ವರ್ಕ್‌ಶಾಪಿಗೆ ಹೋಗಿದ್ದೆ. ಮ್ಯಾನೇಜರು ಕಾಕಾನನ್ನು ಒಳಗೆ ಕರೆದರು. ವೈರಿಂಗಿನಲ್ಲಿ ನೀರು ಸಿಕ್ಕಿದೆ, ಇದು ಮಾಲಕರ ತಪ್ಪು, ವಾರಂಟಿ ಇಲ್ಲ, ಇಲ್ಲಿ ಸಹಿ ಮಾಡಿ ಎಂದರು.

“ಇಂಜಿನ್ ತೊಳದೀರೇನ್ರಿ?”

“ತೊಳದೇನ್ರಿ. ಖಂಡೇ ಪೂಜಿಗೆ ತೊಳೀಲಾರದ ಗಾಡಿ ಎಲ್ಲೆರ ಕಂಡೀರೇನು?”

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಪೆನ್ನು ತೆಗೆದುಕೊಂಡೇಬಿಟ್ಟ. ಸಹಿ ಬಿದ್ದರೆ ರಿಪೇರಿ ಅವನ ಕೈಲಾಗದು. ಗಾಡಿ ಮಾರಬೇಕು, ಮತ್ತೆ ಮಂದಿಯ ಲಾರಿ ಹತ್ತಬೇಕು. ಇದು ಅವನಿಗೂ ಗೊತ್ತಿತ್ತು.

“ಕಾಕಾ, ತಡಿ. ಹಿಂದ ಎರಡು ಸಲ ರಿಪೇರಿಗೆ ತಂದಾಗ ಕೊಟ್ಟ ಜಾಬ್ ಕಾರ್ಡ್ ಎಲ್ಲಿ ಅದಾವು?”

ಅಚ್ಚಾದ ಕಾಗದ ಯಾವುದನ್ನೂ ಅವನು ಒಗೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿರುವುದನ್ನು ಓದುತ್ತಲೂ ಇರಲಿಲ್ಲ. ಒಳಕಿಸೆಯಿಂದ ಪ್ಲಾಸ್ಟಿಕ್ ಚೀಲ ಹೊರಬಂತು, ಅದರೊಳಗೆ ಎರಡು ಕಾರ್ಡು. ಎರಡೂ ಪೂಜೆಗಿಂತ ಮೊದಲಿನವು. ಎರಡರಲ್ಲೂ ದೋಷದ ಸಂಖ್ಯೆ ಒಂದೇ, ಈಗ ಸಹಿಗೆ ಕೊಟ್ಟ ಕಾಗದದಲ್ಲಿ ಬರೆದದ್ದೂ ಅದೇ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. “ನೀರು ಬೀಳೂಕಿಂತ ಮೊದಲ ಎರಡು ಸಲ ಇದ ದೋಷ ನೀವ ಬರದೀರಿ ಸರ್” ಎಂದೆ.

ಮ್ಯಾನೇಜರು ಮೂರರ ಸಂಖ್ಯೆಯ ಮೇಲೂ ಬೆರಳಿಟ್ಟು ನೋಡಿದರು. “ನೀವು ಯಾರ್ರಿ?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದ: “ನಮ್ಮ ಹುಡುಗಿ. ಡಿಗ್ರಿ ಓದಾಕತ್ತಾಳ್ರಿ.”

ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅದೇ ಕಲ್ಲುಬೆಂಚಿನ ಮೇಲೆ ಕೂತು ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಮತ್ತೆ ಮೂರು ವಾರ ಹೋದವು. ಕಡೆಗೆ ವಾರಂಟಿಯಲ್ಲೇ ರಿಪೇರಿ ಮಾಡಿಕೊಟ್ಟರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಗಾಡಿ ತರುವ ದಾರಿಯಲ್ಲಿ ಕಾಕಾನಿಗೆ ಗೆದ್ದ ಸಂತೋಷ ಇರಲಿಲ್ಲ, ದಣಿವಿತ್ತು. “ಇಷ್ಟ ದಿನಾ ನನ್ನ ಕಿಸೇದಾಗ ಇತ್ತಲ್ಲವಾ ಇದು” ಎಂದಷ್ಟೇ ಅಂದ.

ಆ ಲಾರಿ ಮುಂದೆಯೂ ಎಂದೂ ನೆಚ್ಚುವಂಥದ್ದಾಗಲಿಲ್ಲ. ಎಷ್ಟೋ ಸಲ ಅದೇ ವರ್ಕ್‌ಶಾಪಿನ ಬಾಗಿಲು ಕಂಡಿತು. ಹೋದ ವರ್ಷ ಕಾಕಾ ತೀರಿಕೊಂಡಾಗ ಅದರ ಕಾಗದದಲ್ಲಿ ಅವನ ಹೆಸರೇ ಇತ್ತು. ಸಿಟ್ಟಿನಿಂದ ಕಾಲೇಜಿಗೆ ಹೋದ ನನಗೆ, ಓದು ಯಾವ ಕೆಲಸಕ್ಕೆ ಬರುತ್ತದೆಂದು ತೋರಿಸಿದವನು ಅವನೇ. ನಾನು ಅವನಿಗೆ ಅದನ್ನು ಹೇಳಲೇ ಇಲ್ಲ.

ಎಷ್ಟೋ ವರ್ಷಗಳ ಹಿಂದೆ ನಾನು ಧಾರವಾಡದಿಂದ ಪದವಿ ಪತ್ರ ತಂದ ದಿನ ಅವನು ಟ್ರಿಪ್ಪು ಮುಗಿಸಿ ಬಂದು ಹೊರಸಿನ ಮೇಲೆ ಕೂತಿದ್ದ. ಕೈಗೆ ಕೊಟ್ಟೆ. ಟಾವೆಲ್ಲಿಗೆ ಬೆರಳು ಒರೆಸಿಕೊಂಡು, ಅಂಚು ಹಿಡಿದು, ಕನ್ನಡದ ಸಾಲುಗಳನ್ನು ತುಟಿ ಆಡಿಸುತ್ತ ಓದಿದ. ನನ್ನ ಹೆಸರು ಬಂದಲ್ಲಿ ನಿಂತ. ಮತ್ತೆ ನನ್ನ ಕೈಗೇ ಕೊಟ್ಟ.

“ಜೋರಾಗಿ ಓದವಾ. ನಿಮ್ಮ ಕಾಕು ಒಳಗ ರೊಟ್ಟಿ ಬಡಿಯಾಕತ್ತಾಳ, ಆಕಿಗೂ ಕೇಳಲಿ.”